ನ್ಯಾಯದ ಕಾಫಿಯೂ ನಮ್ಮ ಮನೆಯ ಮೆಟ್ಟಿಲೂ

ಚಿಂತೆ ಮಾಡಲೆಂದೇ ಹುಟ್ಟಿದವರು ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೂತಲ್ಲಿಗೇ ಬರುತ್ತದೆ, ಬಂದು ಪಕ್ಕದಲ್ಲಿ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಕಾಲನ್ನೂ ಚಾಚುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸು ಅರ್ಧ ದಾರಿ ಬಂದ ಮೇಲೆ ನೆನಪಾಗುವುದು, ಕಚೇರಿಯಲ್ಲಿ ಸಾಹೇಬರು ನಕ್ಕರೆ ಯಾಕೆ ನಕ್ಕರೆಂದು ಊಟದ ಹೊತ್ತಿನ ತನಕ ಯೋಚಿಸುವುದು, ನಗದಿದ್ದರೆ ಸಂಜೆಯ ತನಕ ಯೋಚಿಸುವುದು, ಇವೆಲ್ಲ ನನ್ನ ನಿತ್ಯದ ಕಸುಬು. ಇವಕ್ಕೆ ಮನೆಯವರೂ ಒಗ್ಗಿಕೊಂಡಿದ್ದಾರೆ. ಆದರೆ ಐವತ್ತು ದಾಟಿದ ಮೇಲೆ, ಎಲ್ಲೋ ಬೆಟ್ಟದ ಓರೆಯಲ್ಲಿ ಕಾಫಿ ಹಣ್ಣು ಕುಯ್ಯುವ, ನಾನು ಎಂದೂ ಕಾಣದ ಹೆಂಗಸೊಬ್ಬಳ ಚಿಂತೆಯನ್ನು ಹಚ್ಚಿಕೊಂಡು, ಸ್ವಂತ ಮನೆಯ ಮೆಟ್ಟಿಲಿನ ಮೇಲೆ ಒಂಟಿಯಾಗಿ ಕೂರುವ ಸ್ಥಿತಿ ತಂದುಕೊಂಡೆನಲ್ಲ, ಅದನ್ನು ಯಾರಿಗಾದರೂ ಹೇಳಿಕೊಳ್ಳದೆ ಇರಲು ಆಗುತ್ತಿಲ್ಲ.

ಮೊದಲು ಆ ಮೆಟ್ಟಿಲಿನ ವಿಷಯ ಹೇಳಬೇಕು. ನಮ್ಮ ಮನೆ ಮದ್ದೂರಿನಲ್ಲಿ. ನಾನು ದಿನಾ ಬಸ್ಸಿನಲ್ಲಿ ಮಂಡ್ಯದ ಕಚೇರಿಗೆ ಹೋಗುತ್ತೇನೆ, ನನ್ನ ಹೆಂಡತಿ ಜಯಶೀಲ ಸೋಮನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಟೀಚರು. ಬೆಳಗ್ಗೆ ತಿಂಡಿಯ ಗಡಿಬಿಡಿ ಶುರುವಾದರೆ ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವುದು ಮಾರನೆಯ ಬೆಳಗ್ಗೆಯೇ. ಸಂಜೆ ಅವಳ ಮುಂದೆ ಮಕ್ಕಳ ಕಾಪಿ ಪುಸ್ತಕಗಳ ಗುಡ್ಡೆ, ನನ್ನ ಮುಂದೆ ಟಿ.ವಿ., ನಡುವೆ ಸೊಳ್ಳೆಬತ್ತಿಯ ಹೊಗೆ. ಆದ್ದರಿಂದ ನಮ್ಮದು ಅಂತ ಇರುವುದು ಬೆಳಕು ಹರಿಯುವಾಗಿನ ಅರ್ಧ ಗಂಟೆ ಮಾತ್ರ. ಮುಂಬಾಗಿಲಿನ ಕಲ್ಲು ಮೆಟ್ಟಿಲಿನ ಮೇಲೆ ಎರಡು ಲೋಟ ಕಾಫಿ ಹಿಡಿದು ಕೂರುತ್ತೇವೆ. ಗದ್ದೆ ಕಡೆಯಿಂದ ಮಂಜು ಬೀದಿಯೊಳಕ್ಕೆ ನಿಧಾನಕ್ಕೆ ನಡೆದು ಬರುತ್ತಿರುತ್ತದೆ. ದೂರದಲ್ಲಿ ರೈಲು ಕೂಗಿದ್ದು ನಮಗಾಗಿಯೇ ಮೆತ್ತಗೆ ಕೂಗಿದಂತೆ ಕೇಳುತ್ತದೆ. ಕಬ್ಬಿನ ಲಾರಿಯೊಂದು ಹೋದರೆ ಅದರ ಹಿಂದೆ ಹಸಿ ಕಬ್ಬಿನ ವಾಸನೆ ಸ್ವಲ್ಪ ಹೊತ್ತು ನಿಂತಿದ್ದು ಆಮೇಲೆ ಹೋಗುತ್ತದೆ. "ಇವತ್ತು ಮಂಜು ಜಾಸ್ತಿ" ಎನ್ನುತ್ತಾಳೆ ಅವಳು. "ಹೂಂ" ಎನ್ನುತ್ತೇನೆ ನಾನು. ಮಾತು ಅಷ್ಟೇ. ಆದರೆ ನನ್ನ ಇಡೀ ದಿನದಲ್ಲಿ ಚಿಂತೆ ಇಲ್ಲದ ಅರ್ಧ ಗಂಟೆ ಅದೊಂದೇ. ಕಾಫಿಯ ಹಬೆಯ ಆಚೆ ಅವಳ ಮುಖ, ಮುಖದ ಆಚೆ ಮಂಜು, ಮಂಜಿನ ಆಚೆ ಏನಿದ್ದರೆ ನನಗೇನು ಅನ್ನುವಂಥ ಹೊತ್ತು ಅದು.

ಆ ಕಾಫಿಯ ಪುಡಿ ಬರುತ್ತಿದ್ದುದು ಮಂಡ್ಯ ಪೇಟೆಯ ನಿಂಗರಾಜುವಿನ ಅಂಗಡಿಯಿಂದ. ಬೀಜ ಹುರಿದು, ಕಣ್ಣೆದುರೇ ಪುಡಿ ಮಾಡಿಕೊಡುವ ಸಣ್ಣ ಅಂಗಡಿ. ಅಲ್ಲಿ ಯಾರಿಗೂ ಹೆಸರಿಲ್ಲ, ಅವರವರ ಮನೆಯ ಚಿಕೋರಿ ಬೆರಕೆಯೇ ಅವರ ಹೆಸರು. "ಎಂಬತ್ತಿಪ್ಪತ್ತು ಬಂದ್ರು, ಕುರ್ಚಿ ಆಕ್ಲಾ" ಎಂದು ನಿಂಗರಾಜು ಒಳಗೆ ಕೂಗಿದರೆ ಅದು ಮನೆತನದ ಗೌರವ. ಚಿಕೋರಿ ಅರ್ಧಕ್ಕೆ ಅರ್ಧ ಹಾಕಿಸಿಕೊಳ್ಳುವವರಿಗೆ ಕುರ್ಚಿ ಇಲ್ಲ. ಎಪ್ಪತ್ತು ಮೂವತ್ತರ ನಾನು ಕುರ್ಚಿಗೂ ನಿಲ್ಲುವುದಕ್ಕೂ ನಡುವಿನ ಮನುಷ್ಯ. ಅಂಗಡಿಯ ಕಟ್ಟೆಗೆ ಒರಗಿಕೊಳ್ಳಬಹುದು. ಮಿಷನ್ನಿನಿಂದ ಬಿದ್ದ ಬೆಚ್ಚಗಿನ ಪುಡಿಯನ್ನು ಕಾಗದದ ಪೊಟ್ಟಣ ಮಾಡಿ ಕೊಟ್ಟರೆ, ಅದನ್ನು ಎದೆಗೊತ್ತಿಕೊಂಡು ಮದ್ದೂರಿನ ಬಸ್ಸು ಹತ್ತುತ್ತಿದ್ದೆ. ಆ ವಾಸನೆಗೆ ಪಕ್ಕದವರು ಜರುಗಿ ಜಾಗ ಕೊಡುತ್ತಿದ್ದರು. ಹಿಂದಿನ ಸೀಟಿನ ಮಗು ಅಳು ನಿಲ್ಲಿಸುತ್ತಿತ್ತು. ನಾನು ಕಣ್ಣು ಮುಚ್ಚಿದರೆ, ಸಣ್ಣ ಪ್ರಾಣಿಯೊಂದು ಎದೆಯ ಮೇಲೆ ಮಲಗಿ ಉಸಿರಾಡುತ್ತಿದೆ ಅನ್ನಿಸಿ, ಎಷ್ಟೋ ಸಲ ಇಳಿಯಬೇಕಾದ ಜಾಗ ದಾಟಿ ಮುಂದೆ ಹೋಗಿ ನಡೆದು ಬಂದದ್ದುಂಟು.

ಇಷ್ಟೆಲ್ಲ ಇರುವಾಗ ನಾನು ಹೆದ್ದಾರಿಯ ಪಕ್ಕದ ಹೊಸ ಅಂಗಡಿಯೊಳಕ್ಕೆ ಯಾಕೆ ಹೋದೆ ಎಂದು ಕೇಳಬಹುದು. ಮಳೆ ಬಂತು, ಹೋದೆ. ಬರಿಗೈಲಿ ಹೊರಬರಲು ಸಂಕೋಚವಾಗಿ ಏನಾದರೂ ಚಿಕ್ಕದು ಕೊಳ್ಳೋಣವೆಂದು ನೋಡುವಾಗ ಆ ಪ್ಯಾಕೆಟ್ಟು ಕಂಡಿತು. ಮೇಲೆ ಕಾಫಿ ಹಣ್ಣಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ನಗುತ್ತಿದ್ದಳು. ಅವಳ ತಲೆಯ ಪಕ್ಕದಲ್ಲಿ ದುಂಡಗಿನ ಸೀಲು. ಹಿಂದುಗಡೆ ಹೀಗೊಂದು ಒಕ್ಕಣೆ: ಇದನ್ನು ಕೊಂಡ ನೀವು ಬೆಳೆದವರಿಗೂ ಕುಯ್ದವರಿಗೂ ನ್ಯಾಯವಾದ ಬೆಲೆ ಕೊಟ್ಟಿದ್ದೀರಿ, ಇದಕ್ಕೆ ಪ್ರಮಾಣಪತ್ರ ಉಂಟು. ಬೇರೆ ಯಾರೇ ಆಗಿದ್ದರೂ ಸಂತೋಷಪಟ್ಟು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ಮಾತ್ರ ಪ್ಯಾಕೆಟ್ಟು ಹಿಡಿದು ನಿಂತಲ್ಲೇ ಲೆಕ್ಕ ಹಾಕಿದೆ. ಈಗ ಕೊಟ್ಟಿದ್ದೇನೆ ಅಂದರೆ ಇಷ್ಟು ವರ್ಷ ಕೊಟ್ಟಿರಲಿಲ್ಲ ಎಂದಾಯಿತಲ್ಲ! ಮದುವೆಯಾದಾಗಿನಿಂದ ಆ ಮೆಟ್ಟಿಲಿನ ಮೇಲೆ ನಾವು ಕುಡಿದ ಲೋಟಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ಒಂದೊಂದು ಲೋಟದ ಹಿಂದೆಯೂ ನಗದ ಹೆಂಗಸೊಬ್ಬಳು ನಿಂತಿದ್ದಳು.

ಹಾಗೆ ನೋಡಿದರೆ ದುಡಿದವರಿಗೆ ಬೆಲೆ ಸಿಗದ ಈ ಚಿಂತೆ ನನ್ನ ರಕ್ತದಲ್ಲೇ ಇದೆ. ನಮ್ಮ ದೊಡ್ಡಪ್ಪನ ಮಗ ಚನ್ನಪ್ಪಣ್ಣನಿಗೆ ಕೆರಗೋಡಿನ ಹತ್ತಿರ ಬೆಲ್ಲ ಕಾಯಿಸುವ ಆಲೆಮನೆ ಇದೆ. ಔಷಧಿ ಗಿವಷಧಿ ಹಾಕದೆ ಅವನು ತೆಗೆಯುವ ಬೆಲ್ಲ ಕಪ್ಪಗಿರುತ್ತದೆ, ಬಾಯಿಗೆ ಹಾಕಿಕೊಂಡರೆ ಮಾತೇ ಬೇಡವೆನ್ನಿಸುತ್ತದೆ. ಆದರೆ ಪೇಟೆಯಲ್ಲಿ ಅದನ್ನು ನೋಡಿದವರು ಮುಖ ತಿರುಗಿಸಿ, ಅರಿಸಿನದ ಕೊಂಬಿನಂತೆ ಹೊಳೆಯುವ ಬೆಲ್ಲದ ಕಡೆ ಹೋಗುತ್ತಾರೆ. ನಾನು ಪ್ಯಾಕೆಟ್ಟಿನ ವಿಷಯ ಫೋನಿನಲ್ಲಿ ಹೇಳಿ, "ಅಣ್ಣಾ, ನಿನ್ನ ಬೆಲ್ಲಕ್ಕೂ ಇಂಥದೊಂದು ಸೀಲು ಹಾಕಿಸಿ, ನಿನ್ನ ನಗುವ ಫೋಟೋ ಹಾಕಿದರೆ ಹೇಗೆ?" ಎಂದೆ.

"ನೀನೇನ್ಲಾ, ತಲೆ ಗಿಲೆ ಕೆಟ್ಟದಾ?" ಎಂದ ಅವನು. "ಕೊಪ್ಪರಿಗೆ ಮುಂದೆ ಬೆಂಕಿ ಉರೀವಾಗ ಯಾವನ್ಲಾ ನಗ್ತಾನೆ? ನಕ್ಕಂಡು ನಿಂತ್ರೆ ಪಾಕ ಸೀದೋಯ್ತದೆ ಕಣ್ಲಾ."

ಆ ಮಾತು ಕೇಳಿದ ಮೇಲೆ ಪ್ಯಾಕೆಟ್ಟಿನ ಹೆಂಗಸಿನ ನಗುವಿನ ಮೇಲೂ ನನಗೆ ಅನುಮಾನ ಶುರುವಾಯಿತು. ಆದರೂ ಅವಳನ್ನು ಕೈಬಿಡಲು ಮನಸ್ಸು ಬರಲಿಲ್ಲ.

ಪ್ಯಾಕೆಟ್ಟು ಮನೆಗೆ ತಂದು ಜಯಶೀಲಳ ಮುಂದಿಟ್ಟು, "ಇದು ನ್ಯಾಯವಾದ ಬೆಲೆಯ ಕಾಫಿ" ಎಂದೆ. ಅವಳು ಕನ್ನಡಕ ಏರಿಸಿಕೊಂಡು ತಿರುಗಿಸಿ ನೋಡಿದಳು. "ಅಕ್ಕಿ ಜೊತೆ ಕಾಫಿಪುಡಿನೂ ಕೊಡಕ್ಕೆ ಶುರು ಮಾಡಿದ್ರಾ?" ಎಂದಳು. ರೇಷನ್ ಅಂಗಡಿಯದಲ್ಲ, ಇದರ ಬೆಲೆ ಜಾಸ್ತಿ, ಜಾಸ್ತಿ ಇರುವುದೇ ಇದರ ಹೆಚ್ಚುಗಾರಿಕೆ ಎಂದು ನಾನು ವಿವರಿಸಿದೆ. ಕಿತ್ತಳೆಯ ಕಂಪು, ಮಲ್ಲಿಗೆಯ ಛಾಯೆ ಇದೆಯೆಂದು ಬರೆದದ್ದನ್ನೂ ಓದಿ ಹೇಳಿದೆ. "ಕಿತ್ತಳೆ ವಾಸ್ನೆ ಬೇಕಿದ್ರೆ ಕಿತ್ತಳೆನೇ ತರ್ಬೋದಿತ್ತಲ್ರೀ" ಎಂದಳು. ಆದರೂ ಒಳ್ಳೆಯವಳು, ಮಾರನೆಯ ಬೆಳಗ್ಗೆ ಅದನ್ನೇ ಫಿಲ್ಟರಿಗೆ ಹಾಕಿದಳು.

ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದು ಒಂದು ಧ್ಯಾನ. ತೊಟ್, ಎಂದು ಒಂದು ಹನಿ. ಇನ್ನೊಂದಕ್ಕೆ ಮುಂಚೆ ಮನುಷ್ಯನಿಗೆ ಇಡೀ ಬಾಲ್ಯವನ್ನು ನೆನೆಯುವಷ್ಟು ಸಮಯ ಸಿಗುತ್ತದೆ. ಈ ಪುಡಿಗೆ ನೀರು ಹಾಕಿದರೆ ಕೊಳಾಯಿ ಬಿಟ್ಟಂತೆ ಸದ್ದು ಬಂತು. ಮುಚ್ಚಳ ಮುಚ್ಚುವುದರೊಳಗೆ ಎಲ್ಲ ಇಳಿದುಹೋಗಿ, ಕೆಳಗೆ ಕೆರೆಯ ಹೊಸ ನೀರಿನ ಬಣ್ಣದ್ದೊಂದು ನಿಂತಿತ್ತು. ಹಾಲು ಬೆರೆಸಿದರೆ ಹಾಲಿಗೆ ಏನೋ ಅನುಮಾನ ಬಂದಂಥ ಬಣ್ಣ ಬಂತೇ ಹೊರತು ಕಾಫಿಯ ಬಣ್ಣ ಬರಲಿಲ್ಲ. ಬಾಯಿಗೆ ಹುಳಿ. ನಾನು ಹಾಲಿನ ಮೇಲೆ ತಪ್ಪು ಹೊರಿಸಿದೆ. ಮಾರನೆಯ ದಿನ ಎರಡರಷ್ಟು ಪುಡಿ ಹಾಕಿ, ಅದು ಅಲ್ಲಾಡದಂತೆ ಅದುಮಿ ಒತ್ತಲು ಹೇಳಿದೆ. ಆಮೇಲೆ ನೀರಿನ ಮೇಲೆ ತಪ್ಪು ಹೊರಿಸಿದೆ. ಇಂಥ ಸೀಲು ಇರುವ ವಸ್ತುವಿನಲ್ಲಿ ತಪ್ಪಿರಲು ಸಾಧ್ಯವೇ? ಆ ಸೀಲು ಕುಯ್ದವಳ ಕೂಲಿಗೆ ಸಾಕ್ಷಿಯೇ ಹೊರತು ನನ್ನ ನಾಲಿಗೆಗೆ ಸಾಕ್ಷಿಯಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ನ್ಯಾಯ ಇದ್ದಲ್ಲಿ ರುಚಿ ತಾನಾಗಿ ಬಂದು ಸೇರುತ್ತದೆಂದು ನಂಬಿದ್ದೆ. ಲೋಟ ಕೈಗೆ ಬಂದರೆ ಸಾಕು, ಆ ಹೆಂಗಸಿಗೆ ಎಷ್ಟು ಸಿಕ್ಕಿತೋ, ಬೆನ್ನು ನೋಯುತ್ತದೋ ಏನೋ ಎಂದು ಜಯಶೀಲಳ ಮುಂದೆ ಶುರು ಮಾಡುತ್ತಿದ್ದೆ.

ಜಯಶೀಲ ಮೆಟ್ಟಿಲಿನ ಮೇಲೆ ಕೂರುವುದನ್ನೇ ಬಿಟ್ಟಳು. ನನ್ನ ಲೋಟ ತಂದು ಮೆಟ್ಟಿಲಿನ ಮೇಲಿಟ್ಟು, ತನ್ನದನ್ನು ಬಾಗಿಲಲ್ಲಿ ನಿಂತು ಔಷಧಿಯ ಹಾಗೆ ಒಂದೇ ಗುಟುಕಿಗೆ ಏರಿಸಿ, ಒಳಗೆ ಹೋಗಿಬಿಡುತ್ತಿದ್ದಳು. ಮಂಜು ಬಂತು, ರೈಲು ಕೂಗಿತು, ಕಬ್ಬಿನ ಲಾರಿ ಹೋಯಿತು. "ಇವತ್ತು ಮಂಜು ಜಾಸ್ತಿ" ಎಂದು ಹೇಳುವವರಿಲ್ಲ, "ಹೂಂ" ಎನ್ನಲು ನನಗೆ ಕೆಲಸವಿಲ್ಲ. ಖಾಲಿ ಜಾಗದಲ್ಲಿ ಚಿಂತೆ ಬಂದು ಕೂತಿತು. ನನಗೆ ನಿಜವಾಗಿ ಹೆದರಿಕೆಯಾಯಿತು. ಕೈ ತಪ್ಪಿದ ಅರ್ಧ ಗಂಟೆಗಳು ಹಾಗೇ ತಪ್ಪಿಹೋಗುತ್ತವೆ, ಒಂದು ದಿನ ನೋಡಿದರೆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ನಿಂತು ಕಾಫಿ ಕುಡಿಯುವ ಜನ ಆಗಿಬಿಟ್ಟಿರುತ್ತಾರೆ.

ಅದೇ ವಾರ ಮಳವಳ್ಳಿಯಿಂದ ನಮ್ಮ ಅತ್ತೆ ಬಂದರು. ಮಗಳು ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಲೋಟವನ್ನು ಮರ್ಯಾದೆಯಿಂದ ಕೆಳಗಿಟ್ಟು, "ಕಸಾಯ ಚೆನ್ನಾಗದೆ ಅಳಿಯಂದ್ರೆ. ಮನೇಲಿ ಯಾರ್ಗೆ ಜರ?" ಎಂದರು. ಯಾರಿಗೂ ಇಲ್ಲ, ಇದು ಕಾಫಿ ಎಂದೆ. "ಅಂಗಾ?" ಎಂದು ಅವರು ಇನ್ನೊಂದು ಸಲ ಬಗ್ಗಿ ನೋಡಿದರು. ಸಂಜೆಯ ಬಸ್ಸಿಗೇ ಊರಿಗೆ ಹೊರಟರು. ನಾಲ್ಕು ದಿನ ಇರಲೆಂದು ಬಂದವರು.

ಒಂದು ಬೆಳಗ್ಗೆ ಆ ಮೆಟ್ಟಿಲಿನ ಮೇಲೆ ಒಬ್ಬನೇ ಕೂತು ತೂಕಡಿಸಿದೆ. ಮಂಜಿನೊಳಗಿಂದ ಪ್ಯಾಕೆಟ್ಟಿನ ಹೆಂಗಸು ನಡೆದು ಬಂದಳು. ಬುಟ್ಟಿಯನ್ನು ಕೆಳಗಿಟ್ಟು, ಜಯಶೀಲ ಕೂರುತ್ತಿದ್ದ ಜಾಗದಲ್ಲಿ ಕೂತು ಸೆರಗಿನಿಂದ ಬೆವರೊರೆಸಿಕೊಂಡಳು. ನನ್ನ ಕನಸಿನಲ್ಲಿ ಯಾವ ದೇಶದವರಾದರೂ ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. "ಎಂಗದೆ ಕಾಪಿ?" ಎಂದಳು. ಚೆನ್ನಾಗಿದೆ ಎಂದೆ, ಸಂಕೋಚದಿಂದ. ಅವಳು ನನ್ನ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಅಯ್ಯೋ, ನಾವು ಒಳ್ಳೆ ಕಾಪಿ ಅಣ್ಣೇ ಕುಯ್ದಿದ್ದು ಕಣಪ್ಪ! ಇದನ್ಯಾಕೆ ಇಂಗ್ ಮಾಡ್ದೆ? ಇಲ್ಲಿ ಕುಂತ್ಕತಿದ್ದ ಆ ಯಮ್ಮ ಎಲ್ಲೋದ್ಲು?" ಎಂದಳು. ಎಚ್ಚರವಾದಾಗ ಲೋಟ ತಣ್ಣಗಾಗಿತ್ತು.

ಆವತ್ತು ಸಂಜೆ ಧೈರ್ಯ ಮಾಡಿ ನಿಂಗರಾಜುವಿನ ಅಂಗಡಿಗೆ ಹೋದೆ. ಅಷ್ಟು ದಿನ ಆ ಬೀದಿಯಲ್ಲಿ ನಾನು ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ನಡೆಯುತ್ತಿದ್ದೆ.

"ಏನ್ ಸಾ, ಬದುಕಿದ್ದೀರಾ?" ಎಂದ ನಿಂಗರಾಜು. "ಆಚೆ ಪುಟ್‌ಪಾತಲ್ಲಿ ಯಾರೋ ಛತ್ರಿ ಅಡ್ಡ ಇಡ್ಕಂಡು ಓಯ್ತಿದ್ರು, ನಡಿಗೆ ನಿಮ್ಮದೇ ಇದ್ದಂಗಿತ್ತು."

"ಬಿಸಿಲು ಕಣಪ್ಪ" ಎಂದೆ.

"ಬಿಸ್ಲು ಮೇಲಿಂದ ಬತ್ತದೆ ಸಾ. ನನ್ನ ಅಂಗ್ಡಿಯಿಂದ ಬರಾಕಿಲ್ಲ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಚೀಲದಿಂದ ಪ್ಯಾಕೆಟ್ಟು ತೆಗೆದು ಕಟ್ಟೆಯ ಮೇಲಿಟ್ಟೆ. ಅವನು ಮೂಗಿನ ಹತ್ತಿರ ಹಿಡಿದು, ಬೆರಳಿನಲ್ಲಿ ತಿಕ್ಕಿ ನೋಡಿ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ, "ಬೀಜ ಒಳ್ಳೇದೇ ಅದೆ ಸಾ. ಉರಿದಿರಾದು ಕಮ್ಮಿ. ಬೀಸಿರಾದೂ ತರಿತರಿ. ನಮ್ ಪಿಲ್ಟ್ರುಗಲ್ಲ ಇದು, ಬೇರೆ ತರ ಕಾಸ್ಕಳೋರಿಗೆ" ಎಂದ. ನಾನು ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಚಿಂತೆ ಬಿಡಬೇಕಲ್ಲ. "ನಿನ್ನ ಬೀಜ ಎಲ್ಲಿಂದ ಬರುತ್ತೆ ನಿಂಗರಾಜು? ಕುಯ್ಯುವವರಿಗೆ ನ್ಯಾಯವಾದ ಕೂಲಿ ಕೊಡುತ್ತಾರಾ?" ಎಂದು ಕೇಳಿಯೇಬಿಟ್ಟೆ.

ಮಿಷನ್ನು ನಿಂತಿತು. ಪುಡಿಗೆ ಕಾಯುತ್ತಿದ್ದ ಎಂಬತ್ತಿಪ್ಪತ್ತಿನವರು ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದರು.

"ನಂಗೇನ್ ಗೊತ್ತು ಸಾ?" ಎಂದ ನಿಂಗರಾಜು, ಯಾಕೋ ಸ್ವರ ತಗ್ಗಿಸಿ. "ಮಂಡಿಯಿಂದ ಮೂಟೆ ಬತ್ತದೆ, ನಾನು ಉರೀತೀನಿ. ನಮ್ಮಪ್ಪನ ಕಾಲದಿಂದ ಈ ಕಟ್ಟೆ ಮೇಲೆ ಯಾರೂ ಇದ ಕೇಳ್ನಿಲ್ಲ. ಚಿಕೋರಿ ಜಾಸ್ತಿ ಆಗದೆ ಅಂತವ ಜಗಳ ಆಡ್ತಾರೆ, ಅಷ್ಟೆಯ." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಮಂಡಿಯವನಿಗೆ ಫೋನು ಹಚ್ಚಿದ. ಆ ಕಡೆಯವನು ಏನೋ ಅಂದ. ಇವನು ಏನೋ ಬೈದ. ಕೊನೆಗೆ ನನ್ನ ಕಡೆ ತಿರುಗಿ, ಅಂಥ ಸೀಲಿನ ಬೀಜದ ಮೂಟೆಯೂ ಸಿಗುತ್ತದಂತೆ, ತರಿಸುತ್ತೇನೆ, ಹುರಿಯುವುದು ಬೀಸುವುದು ಮಾತ್ರ ನನ್ನ ಪದ್ಧತಿಯಲ್ಲೇ, ಬೆಲೆ ಸ್ವಲ್ಪ ಮೇಲಾಗುತ್ತದೆ ಎಂದ.

"ಸರಿ. ಆದರೆ ನಿನ್ನ ಪೊಟ್ಟಣದ ಮೇಲೆ ಸೀಲು?" ಎಂದೆ.

"ಸೀಲು ಮೂಟೆ ಮ್ಯಾಲಿರ್ತದೆ ಸಾ. ಮೂಟೆ ಒತ್ಕಂಡೋಯ್ತೀರಾ ಮದ್ದೂರ್ಗೆ? ನನ್ನ ನಂಬುದ್ರೆ ತಕ್ಕಳಿ, ಇಲ್ದಿದ್ರೆ ಬುಡಿ."

ನಂಬಿದೆ. ನಂಬಿದ ಮೇಲೂ ಎರಡು ಮೂರು ಸಲ ಹೋಗಿ ಮೂಟೆಯ ಮೇಲಿನ ಸೀಲನ್ನು ಸುಮ್ಮನೆ ನೋಡಿ ಬಂದೆ ಎಂಬುದನ್ನು ನಿಂಗರಾಜುವಿಗೆ ಯಾರೂ ಹೇಳಬಾರದು.

ಬೆಚ್ಚಗಿನ ಪೊಟ್ಟಣ ಮತ್ತೆ ಎದೆಗೆ ಬಂತು. ಬಸ್ಸಿನಲ್ಲಿ ನಿದ್ದೆ ಮತ್ತೆ ಬಂತು. ಬೆಳಗ್ಗೆ ಫಿಲ್ಟರಿನಿಂದ ತೊಟ್ ಎಂದು ಹನಿ ಬಿತ್ತು, ಇನ್ನೊಂದು ಬೀಳುವಷ್ಟರಲ್ಲಿ ನಾನು ಅರ್ಧ ಸ್ವರ್ಗದಲ್ಲಿದ್ದೆ. ಕುಯ್ದವಳಿಗೆ ನ್ಯಾಯ, ಕುಡಿದವನಿಗೆ ರುಚಿ, ಎರಡನ್ನೂ ಒಂದೇ ಲೋಟದಲ್ಲಿ ಸೇರಿಸಿದ ಪುಣ್ಯಾತ್ಮ ನಾನು ಎಂದುಕೊಂಡು ಮೆಟ್ಟಿಲಿನ ಮೇಲೆ ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿ ಕೂತೆ. ಜಯಶೀಲ ನನ್ನ ಲೋಟ ಇಟ್ಟಳು. ತನ್ನದನ್ನು ಹಿಡಿದು ಬಾಗಿಲಲ್ಲೇ ನಿಂತಳು.

"ಕೂತ್ಕೊ ಬಾ" ಎಂದೆ. "ಕಾಫಿ ಸರಿ ಆಯ್ತಲ್ಲ?"

"ಕಾಫಿಗೇನ್ರೀ, ಚೆನ್ನಾಗೇ ಅದೆ."

"ಮತ್ತೆ ಯಾಕೆ ನಿಂತಿದ್ದೀ?"

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಕೂತ್ರೆ ಆ ಯಮ್ಮನ ವಿಷ್ಯ ತೆಗೀತೀರಿ. ಅವಳಿಗೆ ಎಷ್ಟು ಸಿಕ್ತೋ, ಅವಳ ಬೆನ್ನು ನೋಯ್ತದೋ ಏನೋ, ಎಷ್ಟೊತ್ತಿಗೆ ಏಳ್ತಾಳೋ ಪಾಪ. ತಿಂಗಳಿಂದ ಅದೇ ಆಯ್ತು ನಿಮ್ದು. ನಾನು ಎಷ್ಟೊತ್ತಿಗೆ ಏಳ್ತೀನಿ ಗೊತ್ತೇನ್ರೀ?"

ಗೊತ್ತಿರಲಿಲ್ಲ. ನಾನು ಏಳುವಾಗ ಫಿಲ್ಟರು ತೊಟ್ಟಿಕ್ಕುತ್ತಿರುತ್ತದೆ, ಹಾಲು ಕಾದಿರುತ್ತದೆ. ಅದೆಲ್ಲ ಬೆಳಕು ಹರಿಯುವ ಹಾಗೆ ತಾನಾಗಿ ಆಗುತ್ತದೆಂದು ತಿಳಿದಿದ್ದೆನೋ ಏನೋ.

"ಬೆಳೆದೋನಿಗೆ ಬೆಲೆ ಆಯ್ತು, ಕುಯ್ದೋಳಿಗೆ ಕೂಲಿ ಆಯ್ತು, ನಿಂಗರಾಜಣ್ಣಂಗೆ ಲಾಭ ಆಯ್ತು" ಎಂದಳು ಅವಳು. "ಕಾಸೋಳಿಗೆ ಏನ್ರೀ?" ಕೋಪದಿಂದ ಹೇಳಿದ್ದರೆ ನನಗೂ ಎದುರಾಡಲು ಏನಾದರೂ ಸಿಗುತ್ತಿತ್ತು. ನಗುತ್ತ ಹೇಳಿ ಒಳಗೆ ಹೋದಳು.

ಮಾರನೆಯ ದಿನ ನಾನು ಕತ್ತಲಿರುವಾಗಲೇ ಎದ್ದೆ. ಇಷ್ಟು ವರ್ಷ ಊಟ ಮಾಡಿದ ಮನೆಯ ಅಡುಗೆಮನೆಯಲ್ಲಿ ನನಗೆ ಬೆಂಕಿಪೊಟ್ಟಣ ಸಿಗಲಿಲ್ಲ. ಸಿಕ್ಕಾಗ ಅದು ಮುಗಿದಿತ್ತು. ಆಮೇಲೆ ಗೊತ್ತಾಯಿತು, ಒಲೆ ಹಚ್ಚುವುದಕ್ಕೆ ಪಕ್ಕದಲ್ಲೇ ಲೈಟರ್ ನೇತು ಹಾಕಿದ್ದಾಳೆ. ಸಕ್ಕರೆಯೆಂದು ತೆಗೆದ ಡಬ್ಬಿಯಲ್ಲಿ ರವೆ ಇತ್ತು. ಫಿಲ್ಟರಿಗೆ ಪುಡಿ ಎಷ್ಟು ಹಾಕಬೇಕೆಂದು ಗೊತ್ತಿಲ್ಲದೆ ನ್ಯಾಯವಾಗಿ ಕಂಡಷ್ಟು ಹಾಕಿದೆ. ಹಾಲು, ನಾನು ನೋಡುವ ತನಕ ಸುಮ್ಮನಿದ್ದು, ಫಿಲ್ಟರಿನ ಕಡೆ ತಿರುಗಿದ ಕೂಡಲೇ ಉಕ್ಕಿ ಒಲೆಯನ್ನೆಲ್ಲ ತೊಳೆಯಿತು. ಕಡೆಗೆ ಎರಡು ಲೋಟಗಳಲ್ಲಿ ಏನೋ ಒಂದು ತಯಾರಾಯಿತು. ಒಂದು ಗುಟುಕು ಕುಡಿದು ನೋಡಿದೆ. ಒಳ್ಳೆಯ ಬೀಜ, ಒಳ್ಳೆಯ ಪುಡಿ, ಎಲ್ಲರಿಗೂ ನ್ಯಾಯ. ರುಚಿ ಮಾತ್ರ ಸುಟ್ಟ ಹಗ್ಗದ್ದು.

ಜಯಶೀಲ ಎದ್ದು ಬಂದು, ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ಲೋಟ ತೆಗೆದುಕೊಂಡು ಮೆಟ್ಟಿಲಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತು ಅವಳ ಮುಖವನ್ನೇ ನೋಡಿದೆ. ಒಂದು ಗುಟುಕು ಕುಡಿದಳು. ಕಣ್ಣಿನ ರೆಪ್ಪೆ ಒಂದು ಸಲ ಗಟ್ಟಿಯಾಗಿ ಮುಚ್ಚಿ ತೆರೆಯಿತು, ಅಷ್ಟೇ. ಆಮೇಲೆ ಇನ್ನೊಂದು ಗುಟುಕು. ಅವಸರವಿಲ್ಲ. ರೈಲು ಕೂಗಿತು. ಮಂಜು ನಮ್ಮ ಗೇಟಿನ ತನಕ ಬಂದು ನಿಂತಿತು. ಲೋಟ ಖಾಲಿಯಾಗುವ ತನಕ ಅವಳು ಕೂತೇ ಇದ್ದಳು. "ನಾಳೆನೂ ನೀವೇ ಮಾಡ್ರೀ" ಎಂದಳು. ನನಗೆ ಕಣ್ಣು ಮಂಜಾಯಿತೋ, ಮಂಜೇ ಕಣ್ಣಿಗೆ ಬಂತೋ ಹೇಳಲಾರೆ.

ಅಂದಿನಿಂದ ದಿನಾ ನಾನೇ ಮಾಡುತ್ತಿದ್ದೇನೆ. ರುಚಿಯೇನೂ ಸುಧಾರಿಸಿಲ್ಲ. ಅವಳು ದಿನಾ ಕೂತು, ನಿಧಾನವಾಗಿ, ಪೂರ್ತಿ ಕುಡಿಯುತ್ತಾಳೆ. ಇಂಥ ಕಾಫಿಯನ್ನು ಇಷ್ಟು ಸಮಾಧಾನದಿಂದ ಹೇಗೆ ಕುಡಿಯುತ್ತಾಳೆ ಎಂದು ಸ್ವಾಭಾವಿಕವಾಗಿಯೇ ನನಗೆ ಚಿಂತೆ ಹತ್ತಿತು. ಕಾರಣ ಗೊತ್ತಾದದ್ದು ಈಚೆಗೆ. ಮೆಟ್ಟಿಲಿನ ಅರ್ಧ ಗಂಟೆ ಮುಗಿದು ನಾನು ಬಚ್ಚಲು ಸೇರಿದ ಮೇಲೆ, ಬಾಗಿಲ ಸಂದಿನಿಂದ ಒಂದು ವಾಸನೆ ಬರುತ್ತದೆ. ಹದವಾದ ಡಿಕಾಕ್ಷನ್ನಿನದು, ಉಕ್ಕದೆ ಕಾದ ಹಾಲಿನದು. ಒಂದು ದಿನ ಸಂದಿನಿಂದ ಇಣುಕಿ ನೋಡಿದೆ, ತನಗೆಂದು ಒಂದು ಲೋಟ ಕಾಫಿ ಮಾಡಿಕೊಂಡು, ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಕುಡಿಯುತ್ತಾಳೆ. "ನನಗೂ ಒಂದು ಲೋಟ ಇಡು" ಎಂದು ಕೂಗಬೇಕೆಂದು ಎಷ್ಟು ಸಲ ಬಾಯಿಗೆ ಬಂದಿದೆಯೋ. ಕೂಗಿದರೆ ನನಗೆ ಗೊತ್ತಾಗಿದೆಯೆಂದು ಅವಳಿಗೆ ಗೊತ್ತಾಗುತ್ತದೆ. ನಾಳೆಯಿಂದ ಮೆಟ್ಟಿಲಿನ ಮೇಲೆ ಅಷ್ಟು ನಿಧಾನವಾಗಿ ನನ್ನ ಕಾಫಿಯನ್ನು ಕುಡಿಯಲಾರಳು. ಆದ್ದರಿಂದ ಮೂಗರಳಿಸಿ ಆ ವಾಸನೆಯನ್ನು ಎಳೆದುಕೊಂಡು, ನೀರನ್ನು ಮಾತ್ರ ಅಗತ್ಯಕ್ಕಿಂತ ಜೋರು ಸದ್ದು ಮಾಡಿ ತಲೆಯ ಮೇಲೆ ಸುರಿದುಕೊಳ್ಳುತ್ತೇನೆ, ನಾನಿನ್ನೂ ಬಚ್ಚಲಲ್ಲೇ ಇದ್ದೇನೆಂದು ತಿಳಿದು ಅವಳು ನಿಶ್ಚಿಂತೆಯಿಂದ ಕುಡಿಯಲಿ ಎಂದು.